ಮಕ್ಕಳ ತೂಕದ ಕ್ಲಿನಿಕ್‌ಗೆ ಆರು ತಿಂಗಳು ಓಡಾಡಿದ್ಮೇಲೆ ಬರೀತಿರೋದು

ಮೊದಲೇ ಹೇಳ್ಬಿಡ್ತೀನಿ, ಸ್ವಲ್ಪ ಉದ್ದ ಇದೆ. ನಾವು ಸೇರೋಕ್ ಮುಂಚೆ ಇಂಥ ಕ್ಲಿನಿಕ್ ಬಗ್ಗೆ ಯಾರಾದ್ರೂ ಸರಿಯಾಗಿ ಬರ್ದಿದಾರಾ ಅಂತ ರಾತ್ರಿಯೆಲ್ಲಾ ಹುಡುಕಿದ್ದೆ, ಸಿಕ್ಕಿದ್ದೆಲ್ಲಾ "ಸೂಪರ್ ಡಾಕ್ಟರ್, ಒಳ್ಳೇ ಸ್ಟಾಫ್" ಅಷ್ಟೇ, ಒಳಗಡೆ ಮಗುಗೆ ಏನ್ ಮಾಡ್ತಾರೆ ಅಂತ ಒಬ್ರೂ ಬರ್ದಿರ್ಲಿಲ್ಲ. ಹಾಗಾಗಿ ನಮ್ಮ ಮಗಳಿಗೆ (ಸೇರಿಸಿದಾಗ 9 ವರ್ಷ) ಅಲ್ಲಿ ಏನಾಯ್ತು, ಏನು ಇಷ್ಟ ಆಯ್ತು, ಎಲ್ಲಿ ಕೋಪ ಬಂತು ಎಲ್ಲಾನೂ ಬರೀತೀನಿ. ಮಗಳ ಗುರುತು ಸಿಗ್ಬಾರ್ದು ಅಂತ ಕ್ಲಿನಿಕ್ ಹೆಸರು ಹಾಕ್ತಿಲ್ಲ, ಆದ್ರೆ ಇದೇ ಥರದ ಫ್ಯಾಮಿಲಿ ಪ್ರೋಗ್ರಾಂ ನೀವು ಎಲ್ಲಿ ನೋಡ್ತಿದ್ರೂ ಉಪಯೋಗಕ್ಕೆ ಬರುತ್ತೆ. 5ಕ್ಕೆ 4 ಸ್ಟಾರ್ ಕೊಡ್ತೀನಿ.

ನಾವು ಹೋಗಿದ್ದು ತೂಕ ನೋಡಿ ಅಲ್ಲ, ಕುತ್ತಿಗೆ ನೋಡಿ. ಅವಳ ಕುತ್ತಿಗೆ ಹಿಂದೆ ಕಪ್ಪು ಕಪ್ಪಾಗಿ ಒಂದು ಪಟ್ಟಿ ಥರ ಆಗಿತ್ತು, ನಾನು ಕೊಳೆ ಅಂದ್ಕೊಂಡು ಸ್ನಾನ ಮಾಡ್ಸುವಾಗ ಬಟ್ಟೆ ತಗೊಂಡು ಉಜ್ಜಿ ಉಜ್ಜಿ, ಅವಳು "ಅಮ್ಮಾ ಉರೀತಿದೆ ಬಿಡಮ್ಮಾ" ಅಂತ ಅತ್ರೂ ಬಿಡದೆ ಉಜ್ಜಿದೀನಿ, ಒಂದು ದಿನ ಅಲ್ಲ, ವಾರಗಟ್ಲೆ. ಚರ್ಮ ಕೆಂಪಗಾಗೋದು, ಕಪ್ಪು ಹೋಗ್ತಿರ್ಲಿಲ್ಲ. ಮುಟ್ಟಿದ್ರೆ ಸ್ವಲ್ಪ ದಪ್ಪಗೆ, ಮಖ್ಮಲ್ ಬಟ್ಟೆ ಮುಟ್ಟಿದಂಗೆ ಇರುತ್ತೆ. ಕೆಮ್ಮು ಅಂತ ತೋರ್ಸೋಕ್ ಹೋದಾಗ ಮಕ್ಕಳ ಡಾಕ್ಟ್ರು ಅದನ್ನ ನೋಡಿ, ಇದು ಕೊಳೆ ಅಲ್ಲಮ್ಮಾ, ಅಕಾಂಥೋಸಿಸ್ ನಿಗ್ರಿಕಾನ್ಸ್ ಅಂತಾರೆ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡ್ತಿಲ್ಲ ಅಂತ ದೇಹ ಚರ್ಮದ ಮೇಲೆ ತೋರಿಸ್ತಿರಬಹುದು ಅಂದ್ರು. ಆ ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ. ನಿಮ್ಮ ಮಗುಗೂ ಕುತ್ತಿಗೆ, ಕಂಕುಳಲ್ಲಿ ಹೀಗಿದ್ರೆ ದಯವಿಟ್ಟು ಉಜ್ಜಬೇಡಿ, ಡಾಕ್ಟರ್‌ಗೆ ತೋರ್ಸಿ.

ಅದಾದ್ಮೇಲೂ ನೆಟ್ಟಗೆ ಕ್ಲಿನಿಕ್‌ಗೆ ಹೋಗ್ಲಿಲ್ಲ ನಾವು. ಮೊದ್ಲು ಒಂದು ಕ್ಯಾಲೊರಿ ಲೆಕ್ಕದ ಆ್ಯಪ್ ಹಾಕ್ಕೊಂಡ್ವಿ, ಎರಡು ತಿಂಗಳು. ಅದು ದೊಡ್ಡವ್ರಿಗೆ ಮಾಡಿದ್ದು, ಮಕ್ಕಳಿಗೆ ಅಲ್ಲ, ನಂಗದು ಆಗ ಹೊಳೀಲಿಲ್ಲ. ಅವಳು ತಿಂದಿದ್ದೆಲ್ಲಾ ಹಾಕೋದು, ಸಂಜೆ ಹೊತ್ತಿಗೆ ಸ್ಕ್ರೀನ್ ಕೆಂಪಾಗೋದು, ಅವಳ ಮುಖ ಸಣ್ಣಗಾಗೋದು. ಒಂದಿನ ಅವಳ ಸ್ಕೂಲ್ ಬ್ಯಾಗಲ್ಲಿ ಬಿಸ್ಕೆಟ್ ಕವರ್ ಸಿಕ್ತು, ನಾಲ್ಕು ಮಡಿಕೆ ಮಡಚಿ ಪುಸ್ತಕದ ಮಧ್ಯ ಇಟ್ಟಿದ್ಲು. ಅಲ್ಲಿವರೆಗೂ ನನ್ನ ಮಗಳು ನನ್ನ ಹತ್ರ ಏನೂ ಮುಚ್ಚಿಟ್ಟಿರ್ಲಿಲ್ಲ. ಆವತ್ತೇ ಆ್ಯಪ್ ತೆಗೆದ್ಹಾಕ್ದೆ.

ಸರಿ, ಈಗ ಕ್ಲಿನಿಕ್ ವಿಷಯ.

ಮೊದಲ ದಿನ ತೂಕ ನೋಡಿದ ರೀತಿಗೇ ನಂಗೆ ಅವ್ರ ಮೇಲೆ ನಂಬಿಕೆ ಬಂದಿದ್ದು. ಪರದೆ ಹಾಕಿರೋ ಒಂದು ಮೂಲೆ, ತೂಕದ ಯಂತ್ರದ ನಂಬರ್ ಕಾಣೋ ಭಾಗ ನರ್ಸ್ ಕಡೆ ತಿರುಗಿಸಿಟ್ಟಿದಾರೆ, ಮಗು ಅದಕ್ಕೆ ಬೆನ್ನು ಮಾಡಿ ನಿಲ್ಲುತ್ತೆ. ನರ್ಸ್ ನಂಬರ್ ಬಾಯಲ್ಲಿ ಹೇಳ್ಲಿಲ್ಲ, ಬರ್ಕೊಂಡು ಸುಮ್ನೆ "ಇಳಿ ಪುಟ್ಟಾ, ಈಗ ಎತ್ತರ ನೋಡೋಣ, ಎಷ್ಟು ಉದ್ದ ಆಗಿದೀಯ ಅಂತ" ಅಂದ್ರು. ಇದಕ್ಕೆ ಮುಂಚೆ ಇನ್ನೊಂದು ಕಡೆ ಹೋದಾಗ ಜನ ತುಂಬಿರೋ ಹಾಲಲ್ಲೇ ಮಷೀನ್ ಮೇಲೆ ನಿಲ್ಸಿ ಗಟ್ಟಿಯಾಗಿ ಕೂಗಿ ಹೇಳಿದ್ರು, ಪಕ್ಕದಲ್ಲಿದ್ದ ಹುಡುಗ್ರು ನಕ್ರು, ಅವಳು ಮನೆಗೆ ಬರೋವರೆಗೂ ಒಂದು ಮಾತಾಡ್ಲಿಲ್ಲ. ಇಲ್ಲಿ ಆರು ತಿಂಗಳಲ್ಲಿ ಒಂದ್ಸಲಾನೂ ಯಾರೂ "ದಪ್ಪ" ಅನ್ನೋ ಪದ ಅವಳ ಮುಂದೆ ಹೇಳ್ಲಿಲ್ಲ, ನಾನು ಗಮನ ಇಟ್ಟು ಕೇಳಿಸ್ಕೊಂಡಿದೀನಿ.

ಆಮೇಲೆ ಬಿಪಿ, ರಕ್ತ ಪರೀಕ್ಷೆ (ಸಕ್ಕರೆ, ಕೊಬ್ಬು, ಲಿವರ್), ರಾತ್ರಿ ಗೊರಕೆ ಹೊಡೀತಾಳಾ, ಬೆಳಿಗ್ಗೆ ಎದ್ದಾಗ ತಲೆನೋವು ಅಂತಾಳಾ, ಮಂಡಿ ಅಥವಾ ಸೊಂಟ ನೋವಿದ್ಯಾ, ಸ್ಕೂಲಲ್ಲಿ ಯಾರಾದ್ರೂ ರೇಗಿಸ್ತಾರಾ ಅಂತೆಲ್ಲಾ ಕೇಳಿದ್ರು. ನಾನು ಥೈರಾಯ್ಡ್ ಇರ್ಬೇಕು ಡಾಕ್ಟ್ರೇ ಅಂದೆ, ಎಲ್ಲಾ ತಾಯಂದಿರೂ ಅದೇ ಹೇಳ್ತಾರಂತೆ. ಅವ್ರು ಎತ್ತರದ ಚಾರ್ಟ್ ತೋರ್ಸಿ, ಹಾರ್ಮೋನ್ ತೊಂದ್ರೆ ಇರೋ ಮಕ್ಕಳು ಸಾಮಾನ್ಯವಾಗಿ ಎತ್ತರದಲ್ಲಿ ಹಿಂದೆ ಬೀಳ್ತಾರೆ, ನಿಮ್ಮ ಮಗಳು ವಯಸ್ಸಿಗೆ ಚೆನ್ನಾಗೇ ಬೆಳೆದಿದಾಳೆ, ಅಂಥ ಕಾರಣ ಇರೋ ಮಕ್ಕಳು ತುಂಬಾ ಕಮ್ಮಿ ಅಂತ ಬಿಡಿಸಿ ಹೇಳಿದ್ರು. ಮಕ್ಕಳ ಬಿಎಂಐ (ಎತ್ತರಕ್ಕೆ ತಕ್ಕ ತೂಕ ಇದ್ಯಾ ಅಂತ ನೋಡೋ ಲೆಕ್ಕ) ದೊಡ್ಡವ್ರ ಥರ 25, 30 ದಾಟಿದ್ರೆ ಜಾಸ್ತಿ ಅಂತ ನೋಡಲ್ಲ, ವಯಸ್ಸು ಮತ್ತೆ ಗಂಡೋ ಹೆಣ್ಣೋ ಅದರ ಪ್ರಕಾರ ಚಾರ್ಟಲ್ಲಿ ಗೆರೆ ಇರುತ್ತೆ, ಅದ್ರಲ್ಲಿ ಎಲ್ಲಿದಾರೆ ಅಂತ ನೋಡೋದು. ಅವಳದ್ದು 134 ಸೆಂಟಿಮೀಟರ್, 41 ಕೆಜಿ, ಬಿಎಂಐ 22.8. ದೊಡ್ಡವ್ರಿಗಾದ್ರೆ ನಾರ್ಮಲ್. 9 ವರ್ಷದ ಹುಡುಗಿಗೆ ಅದು ಬೊಜ್ಜಿನ ಗೆರೆ ದಾಟಿದ ಹಾಗೆ. ನಾನು ಗೂಗಲ್‌ನಲ್ಲಿ ದೊಡ್ಡವ್ರ ಲೆಕ್ಕ ನೋಡಿ ಎರಡು ವರ್ಷ ನೆಮ್ಮದಿಯಾಗಿದ್ದೆ, ಅದಕ್ಕೇ ಇದನ್ನ ಒತ್ತಿ ಹೇಳ್ತಿದೀನಿ.

ಅಲ್ಲಿನ ಚಿಕಿತ್ಸೆ ಅಂದ್ರೆ ಔಷಧಿ ಅಲ್ಲ, ಡಯಟ್ ಚಾರ್ಟೂ ಅಲ್ಲ. ವಾರಕ್ಕೊಂದು ಸಲ ಒಂದೂಕಾಲು ಗಂಟೆ ಸೆಷನ್, ಮಗು ಬೇರೆ ರೂಮು, ತಂದೆತಾಯಿ ಬೇರೆ ರೂಮು, ಕೊನೇಲಿ ಎಲ್ಲಾ ಒಟ್ಟಿಗೆ. ತಂದೆತಾಯಿ ಬರ್ಲಿಲ್ಲ ಅಂದ್ರೆ ಮಗುನೂ ಸೇರಿಸ್ಕೊಳ್ಳಲ್ಲ. ಶುರುವಲ್ಲಿ ನಮ್ಮನೆಯವ್ರಿಗೆ ಇದು ಸಿಟ್ಟು ತರಿಸ್ತು, ತೊಂದ್ರೆ ಇರೋದು ಅವಳಿಗೆ, ನಾನ್ಯಾಕೆ ರಜ ಹಾಕಿ ಬರ್ಬೇಕು ಅಂತ. ಆಗ ಕೌನ್ಸೆಲರ್ ಮೇಡಂ ಹೇಳಿದ್ದು, ಅಮೆರಿಕದಲ್ಲಿ ಲೆನರ್ಡ್ ಎಪ್ಸ್ಟೀನ್ ಅನ್ನೋ ಸಂಶೋಧಕರು ಇದನ್ನೇ ಪರೀಕ್ಷೆ ಮಾಡಿ, ಮಕ್ಕಳನ್ನ 10 ವರ್ಷ ಆದ್ಮೇಲೆ ಮತ್ತೆ ನೋಡಿ 1990ರಲ್ಲಿ ಪ್ರಕಟ ಮಾಡಿದಾರೆ, ತಂದೆತಾಯಿ ಮತ್ತೆ ಮಗು ಇಬ್ರನ್ನೂ ಸೇರಿಸಿ ಬದಲಾಯಿಸಿದ ಗುಂಪಲ್ಲೇ ಫಲ ಉಳಿದಿದ್ದು ಅಂತ. ಅಡುಗೆಮನೆಗೆ ಸಾಮಾನು ತರೋದು ಅವಳಲ್ಲ ಸರ್, ನೀವು, ಅಂದ್ರು. ನಮ್ಮನೆಯವ್ರು ಅದಾದ್ಮೇಲೆ ಒಂದು ಸೆಷನ್ನೂ ತಪ್ಪಿಸ್ಲಿಲ್ಲ.

ಊಟಕ್ಕೆ ಟ್ರಾಫಿಕ್ ಲೈಟ್ ಲೆಕ್ಕ ಹೇಳ್ಕೊಟ್ರು, ಅದೂ ಆ ಎಪ್ಸ್ಟೀನ್ ಅವ್ರದ್ದೇ ಕೆಲಸದಿಂದ ಬಂದಿದ್ದಂತೆ. ಹಸಿರು (ತರಕಾರಿ ಥರದ್ದು) ಎಷ್ಟು ಬೇಕಾದ್ರೂ, ಹಳದಿ (ಅನ್ನ, ಚಪಾತಿ ಥರದ್ದು) ಅಳತೆ ನೋಡ್ಕೊಂಡು, ಕೆಂಪು (ಸಿಹಿ, ಕರಿದಿದ್ದು) ವಾರಕ್ಕೆ ಇಷ್ಟು ಸಲ ಅಂತ. ಕೆಂಪು ಅಂದ್ರೆ ಪೂರ್ತಿ ಬಂದ್ ಅಲ್ಲ, ಎಣಿಸ್ಕೊಂಡು ತಿನ್ನೋದು, ಮತ್ತೆ ಮನೇಲಿ ಎಲ್ಲರಿಗೂ ಅದೇ ಲೆಕ್ಕ, ಅಪ್ಪನಿಗೂ. ಮಗು ಎಣಿಸುತ್ತೆ ನಮ್ದು. ಈ ಒಂದು ಬದಲಾವಣೆಯಿಂದ ಬ್ಯಾಗಲ್ಲಿ ಮುಚ್ಚಿಡೋದು ನಿಂತೋಯ್ತು, ನಂಗೆ ತೂಕಕ್ಕಿಂತ ಇದೇ ದೊಡ್ಡ ಸಮಾಧಾನ.

ಮೂರನೇ ವಾರದ ಸೆಷನ್ ಒಂದು ಮರೆಯೋಕಾಗಲ್ಲ. ಮಕ್ಕಳ ಮುಂದೆ 330 ಎಂಎಲ್ ಸಿಹಿ ಸೋಡಾ ಕ್ಯಾನ್, ಒಂದು ಡಬ್ಬಿ ಸಕ್ಕರೆ, ಟೀ ಚಮಚ, ಖಾಲಿ ಲೋಟ ಇಟ್ರು. ಕ್ಯಾನ್ ಹಿಂದೆ ಸಕ್ಕರೆ 35 ಗ್ರಾಂ ಅಂತ ಇತ್ತು, ಒಂದು ಚಮಚ ಸುಮಾರು 4 ಗ್ರಾಂ, ಅಷ್ಟು ಚಮಚ ಲೋಟಕ್ಕೆ ಹಾಕಿ ಅಂದ್ರು. ನನ್ನ ಮಗಳು ನಾಕೈದು ಚಮಚ ಹಾಕಿ ಕೈ ನಿಲ್ಸಿ ಮೇಡಂ ಮುಖ ನೋಡಿದ್ಲು, "ಇನ್ನೂ ಹಾಕ್ಬೇಕಾ?" ಅಂತ. ಹಾಕು ಅಂದ್ರು. ಹೆಚ್ಚು ಕಮ್ಮಿ ಒಂಬತ್ತು ಚಮಚ ಆಯ್ತು, ಲೋಟದ ತಳದಲ್ಲಿ ಬೆಳ್ಳಗೆ ಗುಡ್ಡೆ. ಯಾರೂ ಕುಡೀಬೇಡ ಅಂತ ಹೇಳ್ಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ಸೇರಿಸಿದ ಸಕ್ಕರೆ, ಜ್ಯೂಸಲ್ಲಿರೋ ಸಕ್ಕರೆ ಎಲ್ಲಾ ಸೇರಿ ದಿನದ ಶಕ್ತಿಯಲ್ಲಿ 10% ಒಳಗಿರ್ಬೇಕು, 5%ಗೆ ಇಳಿಸಿದ್ರೆ ಇನ್ನೂ ಒಳ್ಳೇದು ಅಂತ. ಅವಳ ವಯಸ್ಸಿನ ಮಗುಗೆ ಆ ಒಂದು ಕ್ಯಾನಲ್ಲೇ ಹತ್ರತ್ರ ಇಡೀ ದಿನದ್ದು ಮುಗ್ದೋಗುತ್ತೆ. ನಾನು ಪ್ಯಾಕೆಟ್ ಜ್ಯೂಸ್ ಹಣ್ಣಿನ ಲೆಕ್ಕ ಅಂತ ದಿನಾ ಡಬ್ಬಿಗೆ ಹಾಕಿ ಕಳಿಸ್ತಿದ್ದೆ.

ನಿದ್ದೆ ಬಗ್ಗೆ ಇಷ್ಟು ಮಾತಾಡ್ತಾರೆ ಅಂತ ಗೊತ್ತಿರ್ಲಿಲ್ಲ. 6ರಿಂದ 12 ವರ್ಷದ ಮಕ್ಕಳಿಗೆ 9ರಿಂದ 12 ಗಂಟೆ ನಿದ್ದೆ ಬೇಕು, ನಮ್ಮ ಮಗಳು ಟ್ಯಾಬ್ ನೋಡ್ಕೊಂಡು ಹತ್ತೂವರೆಗೆ ಮಲಗಿ ಆರಕ್ಕೆ ಏಳ್ತಿದ್ಲು. ನಿದ್ದೆ ಕಮ್ಮಿ ಆದ್ರೆ ಹಸಿವು ಹುಟ್ಟಿಸೋ ಹಾರ್ಮೋನ್ ಜಾಸ್ತಿ ಆಗಿ, ಹೊಟ್ಟೆ ತುಂಬ್ತು ಅಂತ ಹೇಳೋದು ಕಮ್ಮಿ ಆಗುತ್ತಂತೆ. ಟ್ಯಾಬ್ ಚಾರ್ಜರ್ ನಮ್ಮ ರೂಮಿಗೆ ಬಂತು, ಎರಡು ವಾರ ಗಲಾಟೆ, ಆಮೇಲೆ ಒಂಬತ್ತಕ್ಕೆ ತಾನೇ ಕಣ್ಣು ಮುಚ್ಚೋಕೆ ಶುರು. ದಿನಕ್ಕೆ 60 ನಿಮಿಷ ಮೈ ಬೆವರೋ ಆಟ ಅನ್ನೋದು ಎಲ್ಲರಿಗೂ ಗೊತ್ತಿರೋದೇ, ಅದನ್ನ ಇಲ್ಲಿ ಬರೀತಾ ಕೂರಲ್ಲ.

ಈಗ ಕೋಪದ ವಿಷಯ. ಕ್ಲಿನಿಕ್ ಇರೋ ಕಟ್ಟಡದಲ್ಲೇ, ಕಾಯೋ ಹಾಲ್ ಮೂಲೇಲಿ, ಒಂದು ವೆಂಡಿಂಗ್ ಮಷೀನ್ ಇದೆ. ತುಂಬ ಸಿಹಿ ಡ್ರಿಂಕ್, ಚಾಕ್ಲೇಟ್, ಚಿಪ್ಸ್. ಅದೂ ಮಕ್ಕಳ ಕಣ್ಣಿನ ಎತ್ತರಕ್ಕೆ ಸರಿಯಾಗಿ ಬಣ್ಣಬಣ್ಣದ್ದೆಲ್ಲಾ ಜೋಡಿಸಿದಾರೆ, ನೀರು ಮಾತ್ರ ಕೆಳಗಿನ ಸಾಲಲ್ಲಿ. ಒಂಬತ್ತು ಚಮಚ ಸಕ್ಕರೆ ಎಣಿಸಿ ಹೊರಗೆ ಬಂದ ಮಗು ಎದುರಿಗೆ ಅದೇ ಕ್ಯಾನ್ ಲೈಟ್ ಹಾಕ್ಕೊಂಡು ನಿಂತಿದೆ ಅಂದ್ರೆ ಹೊಟ್ಟೆ ಉರಿಯಲ್ವಾ? ಎರಡು ಸಲ ಬರೆದು ಕೊಟ್ಟೆ. ಕಟ್ಟಡದವ್ರ ಕಾಂಟ್ರಾಕ್ಟು, ನಮ್ಮ ಕೈಲಿಲ್ಲ ಅಂದ್ರು. ಒಂದು ಸ್ಟಾರ್ ಕಡಿಮೆ ಮಾಡಿದ್ದು ಇದಕ್ಕೇ, ಮತ್ತೆ ಇದು ಆ ಕಟ್ಟಡದ್ದಷ್ಟೇ ಸಮಸ್ಯೆ ಅಲ್ಲ ಅಂತಾನೂ ಗೊತ್ತು ನಂಗೆ. ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕದಲ್ಲಿ 1990ರಲ್ಲಿ 5ರಿಂದ 19 ವಯಸ್ಸಿನವ್ರಲ್ಲಿ ಬೊಜ್ಜು ಇದ್ದಿದ್ದು 2%, 2022ಕ್ಕೆ 8%, ಅಂದ್ರೆ 16 ಕೋಟಿ ಮಕ್ಕಳು. ಮೂವತ್ತು ವರ್ಷದಲ್ಲಿ ಪ್ರಪಂಚದ ಮಕ್ಕಳೆಲ್ಲಾ ಇದ್ದಕ್ಕಿದ್ದಂಗೆ ಸೋಮಾರಿ ಆಗ್ಬಿಟ್ರಾ, ತಾಯಂದಿರೆಲ್ಲಾ ಬುದ್ಧಿ ಕಳ್ಕೊಂಡ್ರಾ? ಇಲ್ಲ ಅಲ್ವಾ. ಮಕ್ಕಳ ಸುತ್ತ ಇರೋದು ಬದಲಾಯ್ತು, ಎಲ್ಲಿ ತಿರುಗಿದ್ರೂ ಅಗ್ಗಕ್ಕೆ ಸಿಗೋ ಸಕ್ಕರೆ ಎಣ್ಣೆ, ಆಡೋಕೆ ಜಾಗ ಇಲ್ಲ, ಫೋನಲ್ಲಿ ಅದೇ ಜಾಹೀರಾತು. ಚಿಲಿ ದೇಶ 2016ರಿಂದ ಸಕ್ಕರೆ, ಉಪ್ಪು, ಕೊಬ್ಬು ಜಾಸ್ತಿ ಇರೋ ಪ್ಯಾಕೆಟ್ ಮುಂದೇನೇ ಕಪ್ಪು ಗುರುತು ಹಾಕಿಸ್ತು, ಸ್ಕೂಲೊಳಗೆ ಅವನ್ನ ಮಾರೋದು ನಿಲ್ಲಿಸ್ತು. ಬ್ರಿಟನ್ 2018ರಲ್ಲಿ ಸಿಹಿ ಡ್ರಿಂಕ್ ಮೇಲೆ ತೆರಿಗೆ ತಂತು, ಆ ತೆರಿಗೆ ತಪ್ಪಿಸ್ಕೊಳ್ಳೋಕೆ ಕಂಪನಿಗಳೇ ಸಕ್ಕರೆ ಇಳಿಸಿದ್ವು. ಮನಸ್ಸು ಮಾಡಿದ್ರೆ ಆಗುತ್ತೆ ಅಂತ ಅಷ್ಟೇ ನಾನು ಹೇಳೋದು. ಅಮೆರಿಕದ ಮಕ್ಕಳ ವೈದ್ಯರ ಸಂಸ್ಥೆ 2023ರ ಮಾರ್ಗಸೂಚೀಲಿ ಇಂಥ ಚಿಕಿತ್ಸೆ 3ರಿಂದ 12 ತಿಂಗಳಲ್ಲಿ ಕನಿಷ್ಠ 26 ಗಂಟೆ ಬೇಕು ಅಂದಿದೆ, ನಮಗೆ ಅಷ್ಟು ಸಿಕ್ತು. 16 ಕೋಟಿ ಮಕ್ಕಳಿಗೆ ತಲಾ 26 ಗಂಟೆ ಯಾರ್ ಕೊಡ್ತಾರೆ?

ಇನ್ನೆರಡು ಕೊರತೆ ಇದೆ. ಸೆಷನ್ ಎಲ್ಲಾ ಸ್ಕೂಲ್ ಟೈಮಲ್ಲೇ, ಪ್ರತೀ ವಾರ ಅರ್ಧ ದಿನ ಕ್ಲಾಸ್ ಹೋಯ್ತು, ಟೀಚರ್‌ಗೆ ಏನು ಕಾರಣ ಬರೀಲಿ ಅಂತ ನಾನು ಒದ್ದಾಡಿದೀನಿ. ನಮ್ಮ ಗುಂಪಲ್ಲಿದ್ದ ಒಬ್ರು ದಿನಗೂಲಿ ಮಾಡೋ ತಾಯಿ ಐದನೇ ವಾರಕ್ಕೆ ಬರೋದು ಬಿಟ್ರು, ಅವರ ಮಗ ನನ್ನ ಮಗಳಿಗಿಂತ ಉತ್ಸಾಹದಿಂದ ಬರ್ತಿದ್ದ. ಸಂಜೆ ಬ್ಯಾಚ್ ಇದ್ದಿದ್ರೆ ಆ ಹುಡುಗ ಉಳೀತಿದ್ದ, ಇದನ್ನ ಅವ್ರಿಗೆ ನೇರವಾಗೇ ಹೇಳಿದೀನಿ. ಇನ್ನೊಂದು, ಆರು ತಿಂಗಳಾದ್ಮೇಲೆ ಮೂರು ತಿಂಗಳಿಗೊಂದು ಸಲ ಅಷ್ಟೇ ನೋಡೋದು, ಅದು ಸಾಲಲ್ಲ ಅನ್ಸುತ್ತೆ.

ಫಲಿತಾಂಶ ಕೇಳೋರಿಗೆ: ತೂಕ 41 ಇದ್ದಿದ್ದು 41.3, ಎತ್ತರ 134 ಇದ್ದಿದ್ದು 137. ಅಂದ್ರೆ ತೂಕ ಇಳೀಲೇ ಇಲ್ಲ, ಮೊದಲ ಸಲ ನೋಡಿ ನಂಗೂ ಬೇಜಾರಾಯ್ತು. ಬೆಳೆಯೋ ಮಗುಗೆ ತೂಕ ಹಿಡಿದು ನಿಲ್ಸಿ ಎತ್ತರ ಬೆಳೆಯೋಕೆ ಬಿಟ್ರೆ ಸಾಕು ಅಂತ ಅವ್ರು ಮೊದ್ಲೇ ಹೇಳಿದ್ರು. ಬಿಎಂಐ 22.8ರಿಂದ 22ಕ್ಕೆ ಬಂದಿದೆ, ಲಿವರ್ ರಿಪೋರ್ಟ್ ಸುಧಾರಿಸಿದೆ, ಗೊರಕೆ ನಿಂತಿದೆ. ಕುತ್ತಿಗೆ ಕಪ್ಪು ಪೂರ್ತಿ ಹೋಗಿಲ್ಲ, ತಿಳಿಯಾಗಿದೆ, ಈಗ ಅವಳೇ ಜಡೆ ಎತ್ತಿ ಕಟ್ಕೋತಾಳೆ. ಮೊದ್ಲು ಕುತ್ತಿಗೆ ಕಾಣ್ಬಾರ್ದು ಅಂತ ಕೂದ್ಲು ಬಿಟ್ಕೊಂಡೇ ಇರ್ತಿದ್ಲು.

ಹೋಗೋರಿಗೆ ಒಂದು ಮಾತು. ಮೊದಲನೇ ದಿನಾನೇ ಮನೇಲಿ ಮಗುಗೆ ಬಡಿಸೋರು ಯಾರೋ ಅವ್ರನ್ನ ಕರ್ಕೊಂಡು ಹೋಗಿ. ನಮ್ಮನೇಲಿ ಅದು ನಮ್ಮತ್ತೆ. ಮಗು ಮೈಕೈ ತುಂಬ್ಕೊಂಡಿದ್ರೆ ತಾನೇ ಚೆಂದ, ಬೆಳೆಯೋ ಮಗು ಬಾಯಿ ಕಟ್ಟಿಸ್ತೀರಾ ಅಂತ ಮೂರು ತಿಂಗಳು ನಮ್ಮ ಜೊತೆ ಮಾತು ಬಿಟ್ಟಿದ್ರು, ನಾವಿಲ್ಲದಾಗ ಎರಡನೇ ಸಲ ಬಡಿಸ್ತಿದ್ರು. ನಾಲ್ಕನೇ ತಿಂಗಳು ಒಂದು ಸೆಷನ್‌ಗೆ ಬಂದು, ಡಾಕ್ಟ್ರು ಕುತ್ತಿಗೆ ಕಪ್ಪು ಯಾಕೆ ಬಂದಿದೆ ಅಂತ ಹೇಳೋದನ್ನ ಕೂತು ಕೇಳಿ, ವಾಪಸ್ ಬರ್ತಾ ಬಸ್ಸಲ್ಲಿ "ನಂಗೆ ಇದನ್ನ ಮೊದ್ಲೇ ಯಾಕೆ ಹೇಳ್ಲಿಲ್ಲ ನೀನು" ಅಂದ್ರು. ಈಗ ಟ್ರಾಫಿಕ್ ಲೈಟ್ ಲೆಕ್ಕ ಬರೆಯೋ ಪುಸ್ತಕ ಅವ್ರ ಹತ್ರಾನೇ ಇದೆ.