ಕಪ್ಪೆ ಮೊಟ್ಟೆಯೋ, ಎಚ್‌ಇಕೆ ಕೋಶವೋ?

ಇಲಿ ಮಿದುಳಿನ ರಿಸೆಪ್ಟರ್ (ನರಸಂದೇಶದ ರಾಸಾಯನಿಕವನ್ನು ಹಿಡಿಯುವ ಪ್ರೋಟೀನ್) ಅಥವಾ ಟ್ರಾನ್ಸ್‌ಪೋರ್ಟರ್ (ಅದನ್ನು ಕೋಶದೊಳಗೆ ಸಾಗಿಸುವ ಪ್ರೋಟೀನ್) ಜೀನ್ ಕೈಲಿದೆ. ಅದು ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿಯಲು ಯಾವ ಕೋಶದಲ್ಲಿ ಹಾಕಿ ನೋಡೋದು?

ಕ್ಸೆನೊಪಸ್ ಕಪ್ಪೆಯ ಮೊಟ್ಟೆ ಸುಮಾರು 1 ಮಿಲಿಮೀಟರ್ ದಪ್ಪ, ಅರ್ಧ ಕಪ್ಪು, ಅರ್ಧ ಕೆನೆಬಣ್ಣ. ಆ ಜೀನಿನ ಆರ್‌ಎನ್‌ಎ (ಪ್ರೋಟೀನ್ ಮಾಡಲು ಬೇಕಾದ ಸೂಚನೆಯ ಪ್ರತಿ) ಚುಚ್ಚಿ, 16–18 ಡಿಗ್ರಿಯಲ್ಲಿಟ್ಟು ಎರಡು ಮೂರು ದಿನ ಕಾದು, ಎರಡು ಎಲೆಕ್ಟ್ರೋಡ್ ಇಳಿಸಿದರೆ ಕರೆಂಟ್ ಅಳೆಯಬಹುದು. ಗಾಬಾ-ಎ (ಗಾಬಾ ಎಂಬ ನರಸಂದೇಶದ ರಾಸಾಯನಿಕದ ರಿಸೆಪ್ಟರ್) ಥರ ಹಲವು ಸಬ್‌ಯೂನಿಟ್ (ಬಿಡಿಭಾಗ) ಸೇರಿ ಆಗುವ ರಿಸೆಪ್ಟರ್‌ಗೆ ನಾನಂತೂ ಇದನ್ನೇ ಹೇಳೋದು, ಯಾಕಂದ್ರೆ ಆರ್‌ಎನ್‌ಎಗಳನ್ನು ಬೇಕಾದ ಅಳತೆಯಲ್ಲಿ ಬೆರೆಸಬಹುದು; ಗಾಮಾ ಎಂಬ ಸಬ್‌ಯೂನಿಟ್ ಬಿಟ್ಟುಹೋದರೆ ಡಯಾಜೆಪಾಮ್ ಎಂಬ ಆತಂಕ ತಗ್ಗಿಸುವ ಔಷಧಿ ಹಾಕಿದರೂ ಕರೆಂಟ್ ಎಂದಿನಂತೆ ಏರುವುದಿಲ್ಲ. 1990ರಲ್ಲಿ ಕ್ಲೋನ್ ಆದ ಗಾಬಾ ಟ್ರಾನ್ಸ್‌ಪೋರ್ಟರ್ ಗ್ಯಾಟ್-1 ಕೆಲಸ ಮಾಡುತ್ತದೆ ಅಂತ ತೋರಿಸಿದ್ದೂ ಈ ಮೊಟ್ಟೆಯಲ್ಲೇ. ಆದರೆ ಟ್ರಾನ್ಸ್‌ಪೋರ್ಟರ್ ನಿಧಾನ. ಚಾನೆಲ್ (ಗಾಬಾ-ಎಯಲ್ಲಿರುವಂಥ ರಂಧ್ರ) ಸೆಕೆಂಡಿಗೆ ಲಕ್ಷಗಟ್ಟಲೆ ಅಯಾನು ಬಿಟ್ಟರೆ ಇದು ಕೆಲವೇ ಸುತ್ತು ಹೊಡೆಯುತ್ತದೆ, ಹಾಗಾಗಿ ಕರೆಂಟ್ ಚಿಕ್ಕದು. ಮೊಟ್ಟೆಯ ಹಳದಿ ಕೊಬ್ಬು ಜಿಡ್ಡಿನ ಔಷಧಿಗಳನ್ನು ಹೀರಿಕೊಳ್ಳುತ್ತದೆ, ಡೋಸ್ ಜಾಸ್ತಿ ಬೇಕು ಅನ್ನಿಸುತ್ತದೆ. ಕೆಲವು ಕಪ್ಪೆಗಳ ಮೊಟ್ಟೆಯಲ್ಲಿ ಕರೆಂಟ್ ಸುಮ್ನೆ ಸೋರುತ್ತದೆ, ಆ ವಾರ ಮರೆತುಬಿಡಿ.

ಎಚ್‌ಇಕೆ293 ಮನುಷ್ಯರ ಕಿಡ್ನಿಯಿಂದ ಬಂದ ಕೋಶ. 37 ಡಿಗ್ರಿ, 5% ಕಾರ್ಬನ್ ಡೈಆಕ್ಸೈಡ್ ಸಾಕು. ಡೋಪಮೈನ್, ಸಿರೊಟೋನಿನ್ ಟ್ರಾನ್ಸ್‌ಪೋರ್ಟರ್ ಹಾಕಿ, ಟ್ರಿಷಿಯಂ (ವಿಕಿರಣ ಸೂಸುವ ಹೈಡ್ರೋಜನ್) ಗುರುತು ಹಚ್ಚಿದ ಸಿರೊಟೋನಿನ್ ಎಷ್ಟು ಒಳಗೆ ಹೋಯಿತು ಅಂತ 96 ಗುಂಡಿಯ ಪ್ಲೇಟಲ್ಲಿ ಎಣಿಸಬಹುದು. ಹತ್ತು ಔಷಧಿ ಒಂದೇ ದಿನ ಮುಗಿಯುತ್ತದೆ. ಡಿ2 (ಡೋಪಮೈನ್‌ನ ಒಂದು ರಿಸೆಪ್ಟರ್) ಥರ, ಕೋಶದೊಳಗಿನ ಜಿ-ಪ್ರೋಟೀನ್ ಮೂಲಕ ಸಂದೇಶ ಕಳಿಸುವ ರಿಸೆಪ್ಟರ್‌ಗೂ ಇದೇ ವಾಸಿ. ತೊಳೆಯುವಾಗ ಮಾತ್ರ ಹುಷಾರು, ಕೋಶಗಳು ಬೇಗ ಎದ್ದು ಹೋಗುತ್ತವೆ.

ಎರಡರಲ್ಲೂ ಸೈನಾಪ್ಸ್ (ನರಕೋಶಗಳು ಸಂದೇಶ ದಾಟಿಸುವ ಸಂಧಿ) ಇಲ್ಲ, ಅಲ್ವಾ? ಅದೇ ಬೇಕಿದ್ದರೆ ಇಲಿ ಮಿದುಳಿನ ಸೈನಾಪ್ಟೋಸೋಮ್ (ಮಿದುಳನ್ನು ಅರೆದು ಬೇರ್ಪಡಿಸಿದ ನರತುದಿಗಳು) ಮಾಡಿಕೊಳ್ಳಿ, ತಯಾರಿಸಿದ ದಿನವೇ ಬಳಸಬೇಕು.