ಮೊಲದ ರೆಟಿಕ್ಯುಲೊಸೈಟ್ ಲೈಸೇಟ್ ಕಿಟ್: ಕ್ಯಾನ್ಸರ್ ಕೊಲ್ಲುವ ವೈರಸ್‌ಗಳ ಆರ್‌ಎನ್‌ಎ ಪರೀಕ್ಷೆಗೆ ಎಷ್ಟು ನೆಚ್ಚಬಹುದು?

ವೈರಸ್ ಗೆಡ್ಡೆಯ ಕೋಶದೊಳಗೆ ಹೊಕ್ಕರಷ್ಟೇ ಸಾಲದು, ಅಲ್ಲಿ ತನ್ನ ಪ್ರೋಟೀನುಗಳನ್ನು ತಯಾರಿಸಿಕೊಳ್ಳಬೇಕು. ಅದರ ಬಳಿ ಸ್ವಂತ ರೈಬೋಸೋಮ್ (ಪ್ರೋಟೀನ್ ಕಟ್ಟುವ ಯಂತ್ರ) ಇಲ್ಲ, ಕೋಶದ್ದನ್ನೇ ಬಳಸಬೇಕು. ಆರೋಗ್ಯವಂತ ಕೋಶದಲ್ಲಿ ಈ ಹೆಜ್ಜೆ ನಿಂತು, ಕ್ಯಾನ್ಸರ್ ಕೋಶದಲ್ಲಿ ಮಾತ್ರ ನಡೆಯುವಂತೆ ವೈರಸ್ಸನ್ನು ತಿದ್ದುವುದು ಕ್ಯಾನ್ಸರ್‌ನ ವೈರಸ್ ಚಿಕಿತ್ಸೆಯ ಮುಖ್ಯ ಉಪಾಯಗಳಲ್ಲಿ ಒಂದು. ಆ ಹೆಜ್ಜೆಯನ್ನು ಕೋಶದ ಹೊರಗೆ, ಟ್ಯೂಬಿನಲ್ಲಿ ನೋಡಲು ಅತಿ ಹೆಚ್ಚು ಬಳಕೆಯಲ್ಲಿರುವ ಸಾಧನ ನ್ಯೂಕ್ಲಿಯೇಸ್ (ಆರ್‌ಎನ್‌ಎ ಕತ್ತರಿಸುವ ಕಿಣ್ವ) ಉಪಚರಿಸಿದ ಮೊಲದ ರೆಟಿಕ್ಯುಲೊಸೈಟ್ ಲೈಸೇಟ್, ಅಂದರೆ ಎಳೆಯ ಕೆಂಪು ರಕ್ತಕಣಗಳನ್ನು ಒಡೆದು ತೆಗೆದ ರಸ. ಪ್ರೊಮೆಗಾದ ಎಲ್4960 ಕಿಟ್ ಅನ್ನು ಮುಂದಿಟ್ಟುಕೊಂಡು ಈ ವಿಮರ್ಶೆ. ಬೇರೆ ಕಂಪನಿಗಳ ಲೈಸೇಟ್‌ಗೂ ಇಲ್ಲಿನ ಬಹುಪಾಲು ಮಾತು ಅನ್ವಯಿಸುತ್ತದೆ.

ತೀರ್ಪು ಮೊದಲೇ ಹೇಳುವುದಾದರೆ: ಒಂದು ವೈರಲ್ ಆರ್‌ಎನ್‌ಎ ಮೇಲೆ ಪ್ರೋಟೀನ್ ತಯಾರಿಕೆ ಶುರುವಾಗುತ್ತದೆಯೇ, ಯಾವ ಅಂಶ ಸೇರಿಸಿದರೆ ಏರುತ್ತದೆ, ಯಾವುದು ತಡೆಯುತ್ತದೆ ಎಂಬ ಪ್ರಶ್ನೆಗಳಿಗೆ ಇದು ಬಲು ಒಳ್ಳೆಯ ಸಾಧನ. ಆ ವೈರಸ್ ಗೆಡ್ಡೆಯನ್ನು ಕೊಲ್ಲುತ್ತದೆಯೇ ಎಂಬ ಪ್ರಶ್ನೆಯನ್ನು ಇದರ ಮುಂದೆ ಇಡಬೇಡಿ.

ಡಬ್ಬಿಯಲ್ಲಿ 200 ಮೈಕ್ರೋಲೀಟರಿನ ಐದು ಟ್ಯೂಬು ಲೈಸೇಟ್, ಮೆಥಿಯೋನಿನ್ ಇಲ್ಲದ್ದು, ಲ್ಯೂಸಿನ್ ಇಲ್ಲದ್ದು ಹೀಗೆ ಒಂದೊಂದು ಅಮೈನೋ ಆಮ್ಲ ಬಿಟ್ಟ ಮಿಶ್ರಣಗಳು, ಜೊತೆಗೆ ಬೆಳಕು ಹೊಮ್ಮಿಸುವ ಕಿಣ್ವವಾದ ಲೂಸಿಫೆರೇಸ್‌ನ ಕಂಟ್ರೋಲ್ ಆರ್‌ಎನ್‌ಎ ಇರುತ್ತವೆ. ಫಿನೈಲ್‌ಹೈಡ್ರಜೀನ್ ಕೊಟ್ಟು ರಕ್ತಹೀನತೆ ಬರಿಸಿದ ಮೊಲಗಳ ಎಳೆಯ ಕೆಂಪು ರಕ್ತಕಣಗಳನ್ನು ಒಡೆದು ಲೈಸೇಟ್ ತೆಗೆಯುತ್ತಾರೆ. ಅದರಲ್ಲಿ ಮೊದಲೇ ತುಂಬಿರುವ ಗ್ಲೋಬಿನ್ ಎಂಆರ್‌ಎನ್‌ಎಯನ್ನು ಮೈಕ್ರೋಕಾಕಲ್ ನ್ಯೂಕ್ಲಿಯೇಸ್ ಕತ್ತರಿಸಿ ಹಾಕುತ್ತದೆ. ಈ ಕಿಣ್ವಕ್ಕೆ ಕ್ಯಾಲ್ಸಿಯಂ ಬೇಕೇ ಬೇಕು, ಹಾಗಾಗಿ ಕೆಲಸ ಮುಗಿದ ಮೇಲೆ ಇಜಿಟಿಎ ಹಾಕಿ ಕ್ಯಾಲ್ಸಿಯಂ ಕಟ್ಟಿಹಾಕಿದರೆ ಅದು ಸುಮ್ಮನಾಗುತ್ತದೆ. ಪೆಲ್ಹಾಮ್ ಮತ್ತು ಜಾಕ್ಸನ್ 1976ರಲ್ಲಿ ಕೊಟ್ಟ ಈ ಉಪಾಯವೇ ಇವತ್ತಿಗೂ ಕಿಟ್‌ನ ಜೀವಾಳ. ಇದರಿಂದ ಬಳಸುವವರಿಗೊಂದು ಎಚ್ಚರಿಕೆ: ನಿಮ್ಮ ಬಫರ್‌ನಲ್ಲಿ ಕ್ಯಾಲ್ಸಿಯಂ ಇದ್ದರೆ ನ್ಯೂಕ್ಲಿಯೇಸ್ ಮತ್ತೆ ಎದ್ದು ನಿಮ್ಮ ಆರ್‌ಎನ್‌ಎಯನ್ನೇ ಕತ್ತರಿಸುತ್ತದೆ.

50 ಮೈಕ್ರೋಲೀಟರಿನ ರಿಯಾಕ್ಷನ್‌ಗೆ ಲೈಸೇಟ್ 35, ಮೆಥಿಯೋನಿನ್ ಇಲ್ಲದ 1 ಮಿಲಿಮೋಲಾರ್ ಅಮೈನೋ ಆಮ್ಲ ಮಿಶ್ರಣ 1, ವಿಕಿರಣಶೀಲ ಗಂಧಕ-35 ಮೆಥಿಯೋನಿನ್ 2, ಆರ್‌ಎನ್‌ಏಸ್ (ಆರ್‌ಎನ್‌ಎ ಕತ್ತರಿಸುವ ಕಿಣ್ವ) ತಡೆಯುವ ಪ್ರೋಟೀನ್ 1, ಮಿಲಿಲೀಟರಿಗೆ 1 ಮಿಲಿಗ್ರಾಂ ಇರುವ ಆರ್‌ಎನ್‌ಎ 2, ಉಳಿದದ್ದು ನ್ಯೂಕ್ಲಿಯೇಸ್ ರಹಿತ ನೀರು. 30 ಡಿಗ್ರಿಯಲ್ಲಿ 60ರಿಂದ 90 ನಿಮಿಷ ಇಟ್ಟರೆ ಸಾಕು. ವಿಕಿರಣ ಬೇಡವೆಂದರೆ ಬೇರೆ ಬೇರೆ ಅಮೈನೋ ಆಮ್ಲ ಬಿಟ್ಟ ಎರಡು ಮಿಶ್ರಣಗಳನ್ನು ಅರ್ಧರ್ಧ ಮೈಕ್ರೋಲೀಟರ್ ಸೇರಿಸಿ. ಒಂದರಲ್ಲಿ ಇಲ್ಲದ್ದನ್ನು ಇನ್ನೊಂದು ತುಂಬುತ್ತದೆ. ಆಮೇಲೆ ಲೂಸಿಫೆರೇಸ್ ಬೆಳಕನ್ನು ಅಳೆದರಾಯಿತು.

ಲೈಸೇಟ್ ಅನ್ನು ಮೈನಸ್ 70 ಡಿಗ್ರಿಯಲ್ಲೇ ಇಡಬೇಕು. ಕರಗಿಸುವಾಗ ಅಂಗೈಯಲ್ಲಿ ಬೇಗನೆ ಬೆಚ್ಚಗಾಗಿಸಿ, ಮುಕ್ಕಾಲು ಕರಗುತ್ತಿದ್ದಂತೆ ಐಸ್ ಮೇಲಿಡಿ. ಎರಡಕ್ಕಿಂತ ಹೆಚ್ಚು ಸಲ ಕರಗಿಸಿ ಹೆಪ್ಪುಗಟ್ಟಿಸಿದರೆ ಶಕ್ತಿ ಕುಗ್ಗುತ್ತದೆ. ಡ್ರೈ ಐಸ್ ಪಕ್ಕ ಮುಚ್ಚಳ ಸಡಿಲವಾಗಿ ಬಹಳ ಹೊತ್ತು ಇಡುವುದೂ ತಪ್ಪು, ಕಾರ್ಬನ್ ಡೈ ಆಕ್ಸೈಡ್ ಲೈಸೇಟಿಗೆ ಆಗಿಬರುವುದಿಲ್ಲ. ವೋರ್ಟೆಕ್ಸ್ ಬೇಡವೇ ಬೇಡ, ಪಿಪೆಟ್‌ನಿಂದ ಮೆಲ್ಲಗೆ ಕಲಸಿ.

ಕಿಟ್ ಕೈಕೊಟ್ಟಿತು ಎಂಬ ದೂರುಗಳಲ್ಲಿ ಹೆಚ್ಚಿನವು ಆರ್‌ಎನ್‌ಎಯಿಂದ ಬರುವಂಥವು. ಟಿ7 ಪಾಲಿಮರೇಸ್‌ನಿಂದ ತಯಾರಿಸಿದ ಆರ್‌ಎನ್‌ಎ ಜೊತೆ ಇಡಿಟಿಎ ಬಂದರೆ ಅದು ಮೆಗ್ನೀಸಿಯಂ ಹಿಡಿದುಕೊಳ್ಳುತ್ತದೆ. ಎಥನಾಲ್, ಅಮೋನಿಯಂ ಅಸಿಟೇಟ್ ಉಳಿದಿದ್ದರೂ ಪ್ರೋಟೀನ್ ಇಳಿಯುತ್ತದೆ. ಕ್ಯಾಪ್ (ಆರ್‌ಎನ್‌ಎಯ 5′ ತುದಿಯ ಟೋಪಿ) ಅನಲಾಗ್ ಹಾಕಿ ತಯಾರಿಸಿದ್ದರೆ ಬಳಕೆಯಾಗದ ಕ್ಯಾಪ್ ಅನ್ನು ಸ್ಪಿನ್ ಕಾಲಮ್ಮಿನಲ್ಲಿ ಪೂರ್ತಿ ತೆಗೆಯಬೇಕು, ಇಲ್ಲದಿದ್ದರೆ ಅದು ಕ್ಯಾಪ್ ಹಿಡಿಯುವ ಇಐಎಫ್4ಇ ಅಂಶವನ್ನು ಆಕ್ರಮಿಸಿ ಕ್ಯಾಪ್ ಇರುವ ಆರ್‌ಎನ್‌ಎಗೆ ಜಾಗವಿಲ್ಲದಂತೆ ಮಾಡುತ್ತದೆ. ಆರ್‌ಎನ್‌ಎಯನ್ನು 65 ಡಿಗ್ರಿಯಲ್ಲಿ 3 ನಿಮಿಷ ಇಟ್ಟು ತಕ್ಷಣ ಐಸ್‌ಗೆ ಹಾಕುವ ಸಲಹೆ ಸಾಮಾನ್ಯ ಆರ್‌ಎನ್‌ಎಗೆ ಸರಿ. ವೈರಸ್ ಆರ್‌ಎನ್‌ಎಯ ಐಆರ್‌ಇಎಸ್ ಭಾಗ (ಕ್ಯಾಪ್ ಇಲ್ಲದೆಯೇ ರೈಬೋಸೋಮನ್ನು ಒಳಗೆ ಕೂರಿಸುವ ತಾಣ) ಕೆಲಸ ಮಾಡುವುದೇ ತನ್ನ ಮಡಿಕೆಗಳಿಂದ, ಆದ್ದರಿಂದ ಬಿಸಿ ಮಾಡಿದ್ದು, ಮಾಡದ್ದು ಎರಡನ್ನೂ ಒಮ್ಮೆ ಹೋಲಿಸಿ ನೋಡದೆ ಈ ಹೆಜ್ಜೆಯನ್ನು ರೂಢಿ ಮಾಡಿಕೊಳ್ಳಬೇಡಿ.

ಇನ್ನೊಂದು ಅಪಾಯ ಡಬಲ್ ಸ್ಟ್ರ್ಯಾಂಡ್ ಆರ್‌ಎನ್‌ಎ. ಈ ಲೈಸೇಟ್‌ನಲ್ಲಿ ಪಿಕೆಆರ್ ಎಂಬ ಕೈನೇಸ್ (ಫಾಸ್ಫೇಟ್ ಹಚ್ಚುವ ಕಿಣ್ವ) ಇದೆ. ಮಿಲಿಲೀಟರಿಗೆ ಕೆಲವೇ ನ್ಯಾನೋಗ್ರಾಂ ಡಬಲ್ ಸ್ಟ್ರ್ಯಾಂಡ್ ಆರ್‌ಎನ್‌ಎ ಸಿಕ್ಕರೂ ಅದು ಎಚ್ಚೆತ್ತು, ತಯಾರಿಕೆ ಶುರುಮಾಡುವ ಅಂಶವಾದ ಇಐಎಫ್2ಆಲ್ಫಾಕ್ಕೆ ಫಾಸ್ಫೇಟ್ ಹಚ್ಚುತ್ತದೆ, ತಯಾರಿಕೆ ನಿಲ್ಲುತ್ತದೆ. ವಿಚಿತ್ರವೆಂದರೆ ಪ್ರಮಾಣ ಬಹಳ ಹೆಚ್ಚಾದರೆ ಈ ತಡೆ ಇರುವುದಿಲ್ಲ. ಇದನ್ನು ಗುರುತಿಸಲು ಕಾಲಕ್ರಮದ ಅಳತೆ ಮಾಡಿ: 5, 10, 20, 40 ನಿಮಿಷಕ್ಕೆ ಒಂದೊಂದು ಸ್ಯಾಂಪಲ್ ತೆಗೆಯಿರಿ. ಮೊದಲ ಕೆಲವು ನಿಮಿಷ ಸರಿಯಾಗಿ ನಡೆದು ಆಮೇಲೆ ಥಟ್ಟನೆ ನಿಂತರೆ ಪಿಕೆಆರ್ ಮೇಲೆ ಅನುಮಾನ ಪಡಿ. ಮೊದಲಿನಿಂದಲೂ ಮಂದವಾಗಿದ್ದರೆ ಲವಣ ಅಥವಾ ಆರ್‌ಎನ್‌ಎ ಪ್ರಮಾಣ ನೋಡಿ. ಪ್ಲಾಸ್ಮಿಡ್ ಕತ್ತರಿಸುವಾಗ 3′ ತುದಿ ಚಾಚುವ ಕಿಣ್ವಗಳನ್ನು, ಉದಾಹರಣೆಗೆ ಪಿಎಸ್‌ಟಿ1 ಅಥವಾ ಕೆಪಿಎನ್1, ಬಳಸದಿದ್ದರೆ ಟಿ7 ತಿರುಗಿ ವಿರುದ್ಧ ಎಳೆಯನ್ನು ಬರೆಯುವ ತೊಂದರೆ ಬಹಳ ಕಡಿಮೆಯಾಗುತ್ತದೆ.

ಹಿಮಿನ್ (ಹಿಮೋಗ್ಲೋಬಿನ್‌ನ ಕಬ್ಬಿಣದ ಭಾಗದ ಒಂದು ರೂಪ) ಕೊರತೆಯಾದರೆ ಎಚ್‌ಆರ್‌ಐ ಎಂಬ ಇನ್ನೊಂದು ಕೈನೇಸ್ ಇದೇ ಇಐಎಫ್2ಆಲ್ಫಾವನ್ನು ಹಿಡಿಯುತ್ತದೆ. ಕಿಟ್‌ನಲ್ಲಿ ಹಿಮಿನ್ ಮೊದಲೇ ಹಾಕಿರುವುದು ಅದಕ್ಕೇ. ಈ ಕಾವಲುಗಾರರನ್ನು ಕಿಟ್‌ನ ದೋಷವೆಂದು ಎಣಿಸುವುದು ತಪ್ಪು. ವೈರಸ್ ಚಿಕಿತ್ಸೆಯ ದೃಷ್ಟಿಯಿಂದ ನೋಡಿದರೆ ಲೈಸೇಟ್‌ನ ಅತ್ಯಂತ ಬೆಲೆಬಾಳುವ ಗುಣವೇ ಇದು. 2015ರ ಅಕ್ಟೋಬರ್‌ನಲ್ಲಿ ಅಮೆರಿಕದ ಎಫ್‌ಡಿಎ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್‌ಗೆ ಒಪ್ಪಿದ ಟಿ-ವೆಕ್ ಹರ್ಪಿಸ್ ವೈರಸ್‌ನಿಂದ ಐಸಿಪಿ34.5 ಜೀನನ್ನು ತೆಗೆದುಹಾಕಲಾಗಿದೆ. ಆ ಪ್ರೋಟೀನ್ ಪಿಪಿ1 ಫಾಸ್ಫಟೇಸನ್ನು ಕರೆತಂದು ಇಐಎಫ್2ಆಲ್ಫಾದ ಫಾಸ್ಫೇಟ್ ಕಳಚುತ್ತದೆ. ಅದಿಲ್ಲದ ವೈರಸ್ ಪಿಕೆಆರ್ ದಾರಿ ಸರಿಯಾಗಿರುವ ಕೋಶದಲ್ಲಿ ಸೊರಗುತ್ತದೆ. ಇದೇ ಸರಪಳಿಯ ಕೊಂಡಿಗಳು ಈ ಟ್ಯೂಬಿನಲ್ಲಿ ಜೀವಂತವಾಗಿವೆ. ಶುದ್ಧೀಕರಿಸಿದ ಪ್ರೋಟೀನ್ ಸೇರಿಸಿ, ಫಾಸ್ಫೇಟ್ ಗುರುತಿಸುವ ಆ್ಯಂಟಿಬಾಡಿಯಿಂದ ಇಐಎಫ್2ಆಲ್ಫಾ ನೋಡಬಹುದು.

ಐಆರ್‌ಇಎಸ್ ವಿಷಯಕ್ಕೆ ಬಂದರೆ ಲೈಸೇಟ್ ಎಲ್ಲ ವೈರಸ್‌ಗಳನ್ನೂ ಒಂದೇ ರೀತಿ ನಡೆಸಿಕೊಳ್ಳುವುದಿಲ್ಲ. ಪೋಲಿಯೋ ಕುಟುಂಬದ್ದೇ ಆದ ಇಎಂಸಿವಿ ವೈರಸ್‌ನದು ನೇರವಾಗಿ, ಬಲವಾಗಿ ಕೆಲಸ ಮಾಡುತ್ತದೆ. ಪೋಲಿಯೋ ಮತ್ತು ರೈನೋವೈರಸ್‌ನದು ತೀರ ದುರ್ಬಲ. ಪೋಲಿಯೋ ಆರ್‌ಎನ್‌ಎಯಲ್ಲಂತೂ ತಪ್ಪು ಜಾಗಗಳಿಂದ ತಯಾರಿಕೆ ಶುರುವಾಗಿ ಬೇಡದ ಬ್ಯಾಂಡ್‌ಗಳು ಬರುತ್ತವೆ. ರೆಟಿಕ್ಯುಲೊಸೈಟ್‌ನಲ್ಲಿ ಪಿಟಿಬಿ, ಪಿಸಿಬಿಪಿ2, ಲಾ ಮುಂತಾದ ಸಹಾಯಕ ಪ್ರೋಟೀನುಗಳು ಸಾಕಷ್ಟಿಲ್ಲದಿರುವುದು ಇದಕ್ಕೆ ಕಾರಣ. ಹೀಲಾ ಎಂಬ ಮಾನವ ಕ್ಯಾನ್ಸರ್ ಕೋಶದ ಎಸ್10 ಸಾರ ಸೇರಿಸಿದರೆ ಎರಡೂ ತೊಂದರೆ ತಗ್ಗುತ್ತವೆ. ರಿಯಾಕ್ಷನ್‌ನ ಶೇ. 10ರಿಂದ 20ರಷ್ಟು ಸಾರ ಬೇಕಾಗುತ್ತದೆ. ಶೇ. 20 ಎಂದರೆ 10 ಮೈಕ್ರೋಲೀಟರ್, ಮೇಲಿನ ಲೆಕ್ಕದಲ್ಲಿ ಉಳಿಯುವುದು 9 ಮಾತ್ರ. ಹಾಗಾಗಿ ಲೈಸೇಟ್ ಅನ್ನು 30ಕ್ಕೆ ಇಳಿಸಿ, ಎಲ್ಲ ಟ್ಯೂಬಿಗೂ ಅದೇ ಅಳತೆ ಇಟ್ಟುಕೊಳ್ಳಿ. ಸಾರದ ಬಫರ್ ಮಾತ್ರ ಹಾಕಿದ ಒಂದು ಟ್ಯೂಬ್ ಕಡ್ಡಾಯ, ಏಕೆಂದರೆ ಅದರೊಂದಿಗೆ ಬರುವ ಪೊಟ್ಯಾಸಿಯಂ, ಮೆಗ್ನೀಸಿಯಂ ತಾವೇ ಫಲಿತಾಂಶ ಬದಲಿಸಬಲ್ಲವು.

ಮೆಗ್ನೀಸಿಯಂ ಹೊಂದಿಸಲು 25 ಮಿಲಿಮೋಲಾರ್ ಮೆಗ್ನೀಸಿಯಂ ಅಸಿಟೇಟ್ ಇಟ್ಟುಕೊಂಡರೆ ಲೆಕ್ಕ ಸುಲಭ: 1 ಮೈಕ್ರೋಲೀಟರಿಗೆ 0.5 ಮಿಲಿಮೋಲಾರ್ ಏರುತ್ತದೆ. 0.5ರಿಂದ 2.5ರ ನಡುವೆ ಎಲ್ಲೋ ಒಂದು ಕಡೆ ಶಿಖರ ಸಿಗುತ್ತದೆ. ಪೊಟ್ಯಾಸಿಯಂಗೆ 1 ಮೋಲಾರ್ ದ್ರಾವಣದ ಪ್ರತಿ ಮೈಕ್ರೋಲೀಟರ್ 20 ಮಿಲಿಮೋಲಾರ್ ಸೇರಿಸುತ್ತದೆ. ಕ್ಲೋರೈಡ್ ಬದಲು ಅಸಿಟೇಟ್ ಬಳಸಿದರೆ ಕ್ಯಾಪ್ ಇಲ್ಲದ ಆರ್‌ಎನ್‌ಎಗೆ ಒಳ್ಳೆಯದು. ಹೊಸ ಲಾಟ್ ಬಂದಾಗಲೆಲ್ಲ ಇದನ್ನು ಮತ್ತೆ ಮಾಡಲೇಬೇಕು.

ಪೋಲಿಯೋ-ರೈನೋ ಮಿಶ್ರ ವೈರಸ್ ಪಿವಿಎಸ್‌ಆರ್‌ಐಪಿಒ ಇಲ್ಲಿ ಒಳ್ಳೆಯ ಉದಾಹರಣೆ. ಸೇಬಿನ್ ಟೈಪ್ 1 ಲಸಿಕೆ ವೈರಸ್‌ನ ಐಆರ್‌ಇಎಸ್ ತೆಗೆದು ರೈನೋವೈರಸ್ 2ರದ್ದನ್ನು ಕೂರಿಸಲಾಗಿದೆ. ಡ್ಯೂಕ್ ವಿಶ್ವವಿದ್ಯಾಲಯದ ತಂಡ 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮರುಕಳಿಸಿದ ಗ್ಲಯೋಬ್ಲಾಸ್ಟೋಮಾ ಎಂಬ ಮೆದುಳಿನ ಕ್ಯಾನ್ಸರ್‌ನ 61 ರೋಗಿಗಳಿಗೆ ಇದನ್ನು ಕೊಟ್ಟು, 36 ತಿಂಗಳಿಗೆ ಬದುಕುಳಿದವರ ಪ್ರಮಾಣ ಶೇ. 21 ಎಂದು ವರದಿ ಮಾಡಿತು. ನರಕೋಶದಲ್ಲಿ ಡಿಆರ್‌ಬಿಪಿ76 ಪ್ರೋಟೀನ್ ಈ ಐಆರ್‌ಇಎಸ್‌ಗೆ ಅಂಟಿ ತಡೆಯುತ್ತದೆ, ಗೆಡ್ಡೆಯಲ್ಲಿ ಆ ತಡೆ ಇಲ್ಲ. ಬರೀ ಲೈಸೇಟ್ ಈ ವ್ಯತ್ಯಾಸವನ್ನು ತೋರಿಸಲಾರದು, ಅದು ನರಕೋಶವೂ ಅಲ್ಲ, ಗೆಡ್ಡೆಯೂ ಅಲ್ಲ. ವೈರಸ್‌ಗೆ ಬಾಗಿಲಾದ ಸಿಡಿ155 ಗ್ರಾಹಕ, ಇಂಟರ್‌ಫೆರಾನ್, ರೋಗನಿರೋಧಕ ಕೋಶಗಳ ಪ್ರತಿಕ್ರಿಯೆ ಯಾವುದೂ ಇಲ್ಲಿಲ್ಲ.

ಒಂದು ಕಡೆ ಮಾತ್ರ ಲೈಸೇಟ್ ಜೀವಂತ ಕೋಶಕ್ಕಿಂತ ಪ್ರಾಮಾಣಿಕ. ಎರಡು ಲೂಸಿಫೆರೇಸ್ ಜೋಡಿಸಿದ ಪ್ಲಾಸ್ಮಿಡ್ಡನ್ನು ಕೋಶಕ್ಕೆ ಹಾಕಿದಾಗ ಅಡಗಿದ ಪ್ರೊಮೋಟರ್ (ಆರ್‌ಎನ್‌ಎ ಬರೆಯಲು ಶುರುಮಾಡುವ ಡಿಎನ್‌ಎ ತಾಣ), ಸ್ಪ್ಲೈಸಿಂಗ್ (ಆರ್‌ಎನ್‌ಎ ತುಂಡರಿಸಿ ಜೋಡಿಸುವಿಕೆ) ಇವು ಐಆರ್‌ಇಎಸ್ ಇದ್ದಂತೆ ಭ್ರಮೆ ಹುಟ್ಟಿಸುತ್ತವೆ. ಲೈಸೇಟ್‌ಗೆ ನೇರ ಆರ್‌ಎನ್‌ಎ ಹಾಕುವುದರಿಂದ ಆ ಎರಡೂ ಇಲ್ಲ. ಆರ್‌ಎನ್‌ಎ ತುಂಡಾಗಿಲ್ಲವೆಂದು ಜೆಲ್‌ನಲ್ಲಿ ಖಚಿತಪಡಿಸಿಕೊಂಡರೆ ಸಾಕು. ತುಂಡಾದ ಆರ್‌ಎನ್‌ಎ ಇಲ್ಲೂ ಸುಳ್ಳು ಐಆರ್‌ಇಎಸ್ ತೋರಿಸುತ್ತದೆ, ನ್ಯೂಕ್ಲಿಯೇಸ್ ಉಪಚರಿಸಿದ ಲೈಸೇಟ್ ಕ್ಯಾಪ್ ಇಲ್ಲದ ತುದಿಯನ್ನೂ ಸ್ವಾಗತಿಸುತ್ತದಲ್ಲ! ಅದೇ ಕಾರಣಕ್ಕೆ ಕ್ಯಾಪ್ ಮತ್ತು ಪಾಲಿ-ಎ ಬಾಲದ ಮಹತ್ವ ಅಳೆಯಲು ಇದು ಕಳಪೆ ಸಾಧನ.

ಜೆಲ್ ಹಂತದಲ್ಲಿ ಹಿಮೋಗ್ಲೋಬಿನ್ ಕಾಟ ಕೊಡುತ್ತದೆ. ಲೈಸೇಟ್‌ನಲ್ಲಿ ಮಿಲಿಲೀಟರಿಗೆ 100 ಮಿಲಿಗ್ರಾಂಗೂ ಹೆಚ್ಚು ಪ್ರೋಟೀನ್ ಇರುವುದರಿಂದ ಲೇನ್‌ಗೆ 5 ಮೈಕ್ರೋಲೀಟರ್ ದಾಟಬೇಡಿ. ಸುಮಾರು 16 ಕಿಲೋಡಾಲ್ಟನ್ ಸುತ್ತ ಬ್ಯಾಂಡ್‌ಗಳು ಬಾಗುತ್ತವೆ, ವೆಸ್ಟರ್ನ್ ಬ್ಲಾಟ್ (ಆ್ಯಂಟಿಬಾಡಿಯಿಂದ ಪ್ರೋಟೀನ್ ಗುರುತಿಸುವ ವಿಧಾನ) ಮಾಡಿದರೆ ಹಿಮೋಗ್ಲೋಬಿನ್ ತಾನೇ ಪೆರಾಕ್ಸಿಡೇಸ್‌ನಂತೆ ವರ್ತಿಸಿ ಅಲ್ಲಿ ಬೆಳಕು ಚೆಲ್ಲುತ್ತದೆ. 25 ಕಿಲೋಡಾಲ್ಟನ್ ಬಳಿ ಕಾಣುವ ಮಸುಕು ಪಟ್ಟಿ ಅಮೈನೋ ಆಮ್ಲ ಹೊತ್ತ ಟಿಆರ್‌ಎನ್‌ಎ. ಕೊನೆಗೆ ಆರ್‌ಎನ್‌ಏಸ್ ಎ ಅನ್ನು ಮಿಲಿಲೀಟರಿಗೆ 0.2 ಮಿಲಿಗ್ರಾಂ ಆಗುವಂತೆ ಹಾಕಿ 30 ಡಿಗ್ರಿಯಲ್ಲಿ 5 ನಿಮಿಷ ಇಟ್ಟರೆ ಮಾಯವಾಗುತ್ತದೆ. ಆರ್‌ಎನ್‌ಎ ಹಾಕದ ಟ್ಯೂಬಿನಲ್ಲೂ 42 ಕಿಲೋಡಾಲ್ಟನ್ ಬ್ಯಾಂಡ್ ಬಂದರೆ ಬಳಸಿದ ಮೆಥಿಯೋನಿನ್‌ನ ದರ್ಜೆ ಬದಲಿಸಿ. ಲೂಸಿಫೆರೇಸ್ ಕಂಟ್ರೋಲ್ 61ರಲ್ಲಿ ಬರಬೇಕು. ವಿಕಿರಣದ ಎಣಿಕೆಗಾಗಿ 2 ಮೈಕ್ರೋಲೀಟರ್ ಸ್ಯಾಂಪಲ್ಲನ್ನು 1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ಮತ್ತು ಶೇ. 2 ಹೈಡ್ರೋಜನ್ ಪೆರಾಕ್ಸೈಡ್ ಇರುವ 98 ಮೈಕ್ರೋಲೀಟರಿಗೆ ಹಾಕಿ 37 ಡಿಗ್ರಿಯಲ್ಲಿ 10 ನಿಮಿಷ ಇಡಿ. ಕೆಂಪು ಬಣ್ಣವೂ ಹೋಗುತ್ತದೆ, ಟಿಆರ್‌ಎನ್‌ಎ ಗುರುತೂ ಅಳಿಯುತ್ತದೆ. ಆಮೇಲೆ ಟಿಸಿಎ ಆಮ್ಲ ಹಾಕಿ ಪ್ರೋಟೀನನ್ನು ಒತ್ತರಿಸಿ ಗ್ಲಾಸ್ ಫೈಬರ್ ಫಿಲ್ಟರ್ ಮೇಲೆ ಹಿಡಿಯಬೇಕು.

ಪರ್ಯಾಯಗಳಲ್ಲಿ ಇ. ಕೋಲಿ ಅಂಶಗಳಿಂದ ಕಟ್ಟಿದ ಪ್ಯೂರ್ ಸಿಸ್ಟಮ್ ಎಷ್ಟೇ ಸ್ವಚ್ಛವಾಗಿದ್ದರೂ ಈ ಕೆಲಸಕ್ಕೆ ಬಾರದು. ಬ್ಯಾಕ್ಟೀರಿಯಾದ ರೈಬೋಸೋಮ್ ಈ ಐಆರ್‌ಇಎಸ್‌ಗಳನ್ನು ಓದುವುದಿಲ್ಲ, ಪಿಕೆಆರ್ ಅಂತೂ ಇಲ್ಲವೇ ಇಲ್ಲ. ಪೋಲಿಯೋ ಗುಂಪಿನ ವೈರಸ್ಸೇ ನಿಮ್ಮ ವಿಷಯವಾಗಿದ್ದರೆ ಪೂರ್ತಿ ಹೀಲಾ ಸಾರ ಉತ್ತಮ. 1991ರಲ್ಲಿ ಮೊಲ್ಲಾ, ಪಾಲ್ ಮತ್ತು ವಿಮ್ಮರ್ ಅಂಥ ಸಾರದಲ್ಲಿ ಆರ್‌ಎನ್‌ಎ ಒಂದರಿಂದಲೇ ಸೋಂಕುಕಾರಕ ಪೋಲಿಯೋ ವೈರಸ್ ಹುಟ್ಟಿಸಿದರು. ಆದರೆ ಅದನ್ನು ಬಹುಪಾಲು ಪ್ರಯೋಗಾಲಯಗಳು ತಾವೇ ತಯಾರಿಸಿಕೊಳ್ಳುತ್ತವೆ, ಬ್ಯಾಚಿನಿಂದ ಬ್ಯಾಚಿಗೆ ಏರುಪೇರು ಬಹಳ. ಮೊಲದ ಲೈಸೇಟ್ ಕೊಳ್ಳುವವರು ಇಡೀ ಪ್ರಯೋಗಮಾಲೆಗೆ ಸಾಕಾಗುವಷ್ಟನ್ನು ಒಂದೇ ಲಾಟ್‌ನಿಂದ ತರಿಸಿ, ತೆರೆದ ಮೊದಲ ದಿನವೇ ಒಂದೆರಡು ರಿಯಾಕ್ಷನ್‌ಗೆ ಸಾಲುವಷ್ಟು ಚಿಕ್ಕ ಟ್ಯೂಬುಗಳಿಗೆ ಹಂಚಿ, ದ್ರವ ನೈಟ್ರೋಜನ್‌ನಲ್ಲಿ ಹೆಪ್ಪುಗಟ್ಟಿಸಿ ಮತ್ತೆ ಮೈನಸ್ 70ಕ್ಕೆ ಸೇರಿಸಿ.