ಐರ್ಲೆಂಡ್ ಸಂಸತ್ತಿನ ಕಲಾಪ ತಾಣ: ಹಳ್ಳಿ ಪ್ರತಿನಿಧಿಯ ಕೆಲಸ ಅಳೆಯಲು ಎಷ್ಟು ನೆರವಾಗುತ್ತದೆ?

ಹಳ್ಳಿಗಾಡಿನ ಕ್ಷೇತ್ರದಿಂದ ಗೆದ್ದುಬಂದ ಐರಿಷ್ ಟಿ.ಡಿ. (ಸಂಸತ್ತಿನ ಕೆಳಮನೆಯ ಸದಸ್ಯರನ್ನು ಕರೆಯುವುದು ಹೀಗೆ) ಒಬ್ಬರು ಸದನದಲ್ಲಿ ನಿಜಕ್ಕೂ ಏನು ಮಾಡುತ್ತಾರೆ ಎಂದು ತಿಳಿಯಬೇಕಾದರೆ ಸುದ್ದಿಯ ತುಣುಕುಗಳನ್ನು ನಂಬಿ ಕೂರಬಾರದು. ಐರ್ಲೆಂಡಿನ ಸಂಸತ್ತು, ಅಂದರೆ ಎರಕ್ತಸ್, ತನ್ನ ಕಲಾಪವನ್ನೆಲ್ಲ ತನ್ನದೇ ತಾಣದಲ್ಲಿ ಪುಕ್ಕಟೆಯಾಗಿ ಇಟ್ಟಿದೆ. ಹೆಸರು ನೋಂದಾಯಿಸಬೇಕಿಲ್ಲ. ಕೆಳಮನೆಯಾದ ಡಾಯ್ಲ್ 1919ರ ಜನವರಿ 21ರಂದು ಮೊದಲ ಬಾರಿ ಸೇರಿದ ದಿನದಿಂದ ಹಿಡಿದು ಇವತ್ತಿನ ಮಾತಿನವರೆಗೆ ಎಲ್ಲವೂ ಅಲ್ಲಿ ಸಿಗುತ್ತದೆ. ಸಂಗ್ರಹದ ಮಟ್ಟಿಗೆ ಇದು ಅಪರೂಪದ ಒಳ್ಳೆಯ ಸೇವೆ. ಹುಡುಕಾಟದ ಮಟ್ಟಿಗೆ ಮಾತ್ರ ಬಳಸುವವರ ತಾಳ್ಮೆಯನ್ನೂ ತಿಳಿವಳಿಕೆಯನ್ನೂ ಬೇಡುತ್ತದೆ.

ಮೊದಲ ತೊಡಕು ಹೆಸರಿನದು. ನೈಋತ್ಯ ಕಾರ್ಕ್ ಕ್ಷೇತ್ರದ ಮೈಕಲ್ ಕಾಲಿನ್ಸ್ 2016ರಿಂದ ಡಾಯ್ಲ್‌ನಲ್ಲಿದ್ದಾರೆ. ಅದೇ ಹೆಸರಿನ ಇನ್ನೊಬ್ಬರು 1997ರಿಂದ 2007ರವರೆಗೆ ಪಶ್ಚಿಮ ಲಿಮೆರಿಕ್ ಕ್ಷೇತ್ರದ ಪ್ರತಿನಿಧಿಯಾಗಿದ್ದರು. ಇವರಿಬ್ಬರಿಗೂ ಮೊದಲು 1922ರಲ್ಲಿ ಗುಂಡಿಗೆ ಬಲಿಯಾದ ಸ್ವಾತಂತ್ರ್ಯ ಹೋರಾಟಗಾರ ಮೈಕಲ್ ಕಾಲಿನ್ಸ್ ಇದ್ದಾರೆ, ಅವರೂ ಮೊದಲ ಡಾಯ್ಲ್‌ನ ಸದಸ್ಯರೇ. ಹುಡುಕು ಪೆಟ್ಟಿಗೆಯಲ್ಲಿ ಬರೀ ಹೆಸರು ಬರೆದರೆ ಮೂವರೂ ಬೆರೆತು ಬರುತ್ತಾರೆ. ಕೆರಿಯ ಹೀಲಿ-ರೇ ಮನೆತನದ್ದೂ ಇದೇ ಕಥೆ: ತಂದೆ ಜಾಕಿ 1997ರಿಂದ 2011ರವರೆಗೆ, ಮಗ ಮೈಕಲ್ 2011ರಿಂದ, ಇನ್ನೊಬ್ಬ ಮಗ ಡ್ಯಾನಿ 2016ರಿಂದ. ಆದ್ದರಿಂದ ಮೊದಲು ಸದಸ್ಯರ ಪಟ್ಟಿಗೆ ಹೋಗಿ, ಕ್ಷೇತ್ರ ನೋಡಿ, ಆ ವ್ಯಕ್ತಿಯ ಪುಟ ತೆರೆದು, ಅಲ್ಲಿಂದಲೇ ಚರ್ಚೆಗಳಿಗೆ ಇಳಿಯುವುದು ಸರಿಯಾದ ದಾರಿ.

ಸದಸ್ಯರ ಪುಟದಲ್ಲಿ ಮಾತು, ಪ್ರಶ್ನೆ, ಮತದಾನ ಬೇರೆ ಬೇರೆ ಕಡೆ ಇವೆ. ಹೆಚ್ಚಿನವರು ಮಾತಿನ ಪಟ್ಟಿ ನೋಡಿ ಮುಗಿಸಿಬಿಡುತ್ತಾರೆ. ಹಳ್ಳಿ ಪ್ರತಿನಿಧಿಯ ದುಡಿಮೆ ಇರುವುದು ಬಹುಪಾಲು ಲಿಖಿತ ಪ್ರಶ್ನೆಗಳಲ್ಲಿ, ಅದನ್ನು ಓದದೆ ತೀರ್ಪು ಕೊಡುವುದು ಅನ್ಯಾಯ. ಒಂದು ರಸ್ತೆಯ ವಿಷಯವನ್ನೇ ತೆಗೆದುಕೊಳ್ಳಿ. ರಾಷ್ಟ್ರೀಯ ಹೆದ್ದಾರಿಯ ಬಗ್ಗೆ ಸಾರಿಗೆ ಮಂತ್ರಿಯನ್ನು ಕೇಳಿದರೆ, ಪ್ರಶ್ನೆಯನ್ನು ಟಿಐಐ ಎಂಬ ಹೆದ್ದಾರಿ ಸಂಸ್ಥೆಗೆ ಕಳಿಸಿದ್ದೇವೆ, ಅವರೇ ನೇರವಾಗಿ ಉತ್ತರಿಸುತ್ತಾರೆ ಎಂಬ ಸಾಲು ಬರುತ್ತದೆ. ಪ್ರಾದೇಶಿಕ ಅಥವಾ ಸ್ಥಳೀಯ ರಸ್ತೆಯಾದರೆ 1993ರ ರಸ್ತೆ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಅದು ಕೌಂಟಿ ಕೌನ್ಸಿಲ್‌ನ, ಅಂದರೆ ಸ್ಥಳೀಯ ಜಿಲ್ಲಾಡಳಿತದ, ಹೊಣೆ ಎಂಬ ಸಿದ್ಧ ಪ್ಯಾರಾ ಬರುತ್ತದೆ. ಹೊಲಮನೆಗಳಿಗೆ ಹೋಗುವ, ಸರ್ಕಾರಿ ಲೆಕ್ಕಕ್ಕೆ ಸೇರದ ಓಣಿಯಾದರೆ ಗ್ರಾಮೀಣಾಭಿವೃದ್ಧಿ ಇಲಾಖೆಯ ಸ್ಥಳೀಯ ಸುಧಾರಣಾ ಯೋಜನೆಯ ಕಡೆ ಕೈ ತೋರಿಸುತ್ತಾರೆ. ಈ ಯೋಜನೆಗೆ 2017ರಲ್ಲಿ ಮತ್ತೆ ಹಣ ಬರಲು ಶುರುವಾಯಿತು. ಪಳಗಿದ ಟಿ.ಡಿ. ಯಾವ ಓಣಿಗೆ ಯಾವ ಮಂತ್ರಿ ಎಂದು ತಿಳಿದೇ ಕೇಳುತ್ತಾರೆ, ಹಾಗೆ ಕೇಳಿದಾಗ ಆ ಕೌಂಟಿಗೆ ಹೋದ ಹಣದ ಪಟ್ಟಿಯೇ ಕೋಷ್ಟಕವಾಗಿ ಉತ್ತರದಲ್ಲಿ ಬರುವುದುಂಟು. ಪಳಗದವರ ಪುಟದಲ್ಲಿ 13ನೇ ಸೆಕ್ಷನ್ನೇ ಮತ್ತೆ ಮತ್ತೆ ಕಾಣುತ್ತದೆ. ಪ್ರಶ್ನೆಗಳ ಸಂಖ್ಯೆ ಹೇಳದ ಗುಣವನ್ನು ಈ ಒಂದು ಪರೀಕ್ಷೆ ಹೇಳುತ್ತದೆ.

ಸೇವೆಯ ದೊಡ್ಡ ಕೊರತೆ ಇರುವುದೂ ಇಲ್ಲೇ. ಆಸ್ಪತ್ರೆಯ ಹಾಸಿಗೆ, ಮನೆ ಆರೈಕೆಯ ಗಂಟೆಗಳು, ಆಂಬುಲೆನ್ಸ್ ತಡವಾದದ್ದು, ಹೀಗೆ ಹಳ್ಳಿಯವರಿಗೆ ಅತ್ಯಂತ ಮುಖ್ಯವಾದ ಪ್ರಶ್ನೆಗಳನ್ನು ಆರೋಗ್ಯ ಇಲಾಖೆ ಆಗಾಗ ಸರ್ಕಾರಿ ಆರೋಗ್ಯ ಸೇವೆ ನಡೆಸುವ ಎಚ್‌ಎಸ್‌ಇ ಸಂಸ್ಥೆಗೆ ದಾಟಿಸಿ, ಉತ್ತರ ನೇರವಾಗಿ ಸದಸ್ಯರಿಗೆ ಹೋಗುತ್ತದೆ ಎನ್ನುತ್ತದೆ. ಪ್ರಶ್ನೆಯ ಪುಟದಲ್ಲಿ ಸಾಮಾನ್ಯವಾಗಿ ಉಳಿಯುವುದು ಆ ಒಂದು ಸಾಲು ಮಾತ್ರ. ನಿಜವಾದ ಉತ್ತರ ಬೇಕಾದರೆ ಎಚ್‌ಎಸ್‌ಇಯ ಸ್ವಂತ ತಾಣದಲ್ಲಿ ಹುಡುಕಬೇಕು, ಅಲ್ಲಿ ಸಿಗದಿದ್ದರೆ ಸದಸ್ಯರ ಕಚೇರಿಯನ್ನು ಕೇಳಬೇಕು, ಇಲ್ಲವೇ ಕೆಲವು ತಿಂಗಳು ಬಿಟ್ಟು ಅದೇ ವಿಷಯದ ಮುಂದಿನ ಪ್ರಶ್ನೆಯಲ್ಲಿ ಅವರು ಆ ಉತ್ತರವನ್ನು ಉಲ್ಲೇಖಿಸಿದ್ದಾರೆಯೇ ಎಂದು ನೋಡಬೇಕು. ಸಾರ್ವಜನಿಕ ಪ್ರಶ್ನೆಗೆ ಬಂದ ಉತ್ತರ ಪ್ರಶ್ನೆಯ ಪಕ್ಕದಲ್ಲೇ ಇರಬೇಕು. ಇದರಲ್ಲಿ ರಿಯಾಯಿತಿ ಕೊಡಲು ಕಾರಣವೇ ಇಲ್ಲ.

ಸದನದ ಮಾತಿಗೆ ಬಂದರೆ, ಎರಡು ಜಾಗಗಳನ್ನು ತಪ್ಪದೆ ನೋಡಿ. ಒಂದು, ಸಾಮಯಿಕ ವಿಷಯಗಳ ಚರ್ಚೆ: ಸದಸ್ಯರಿಗೆ 4 ನಿಮಿಷ, ಮಂತ್ರಿಗೆ 4, ಮರುಮಾತಿಗೆ 2, ಕೊನೆಯ ಉತ್ತರಕ್ಕೆ 2. ಒಂದು ಶಾಲೆ, ಒಂದು ಸೇತುವೆ, ಒಂದು ನರ್ಸಿಂಗ್ ಹೋಮ್ ಮೇಲೆ ಒಟ್ಟು 12 ನಿಮಿಷ. ಇಲ್ಲಿ ಆ 2 ನಿಮಿಷದ ಮರುಮಾತೇ ಜೀವಾಳ. ಮೊದಲ 4 ನಿಮಿಷ ಬರೆದುಕೊಂಡು ಬಂದದ್ದು, ಮಂತ್ರಿಯ ಉತ್ತರವೂ ಇಲಾಖೆ ಬರೆದುಕೊಟ್ಟದ್ದು. ಆ ಉತ್ತರ ಕೇಳಿದ ಮೇಲೆ ಸದಸ್ಯರು ಅದರ ಯಾವ ಸಾಲನ್ನು ಹಿಡಿದು ಜಗ್ಗುತ್ತಾರೆ ಎಂಬುದರಲ್ಲಿ ಅವರ ಕಸುಬು ಗೊತ್ತಾಗುತ್ತದೆ. ಇನ್ನೊಂದು, ನೀತಿ ಮತ್ತು ಶಾಸನ ಕುರಿತ ಪ್ರಶ್ನೆಗಳ ಹೊತ್ತು. ತಲಾ ಒಂದು ನಿಮಿಷ. ಸರ್ಕಾರ ಭರವಸೆ ಕೊಟ್ಟ ಮಸೂದೆಗೋ ನೀತಿಗೋ ಸಂಬಂಧಪಟ್ಟಿರಬೇಕೆಂಬ ನಿಯಮವಿದ್ದರೂ ಊರಿನ ಬಸ್ಸು, ಅಂಚೆ ಕಚೇರಿ, ಪೀಟ್ ಇಂಧನ ಎಲ್ಲವೂ ಇಲ್ಲಿ ನುಸುಳುತ್ತವೆ. ಇದನ್ನು ಹಗುರವಾಗಿ ಕಾಣುವವರು ಐರಿಷ್ ಚುನಾವಣಾ ಪದ್ಧತಿಯನ್ನು ಮರೆಯಬಾರದು. ಒಂದೊಂದು ಕ್ಷೇತ್ರಕ್ಕೂ 3ರಿಂದ 5 ಸ್ಥಾನ, ಮತದಾರರು ಆದ್ಯತೆಯ ಕ್ರಮದಲ್ಲಿ ಮತ ಹಾಕುತ್ತಾರೆ, ಸ್ವಂತ ಪಕ್ಷದವರೇ ಎದುರಾಳಿಗಳಾಗುತ್ತಾರೆ. ಊರಿನ ಹೆಸರನ್ನು ದಾಖಲೆಗೆ ಸೇರಿಸುವುದು ಅವರ ಕೆಲಸದ ಭಾಗವೇ.

ಹೆಸರು ಮಾಡಿದ ಮಾತುಗಳನ್ನು ಮೂಲದಲ್ಲೇ ಓದಬಹುದು ಎನ್ನುವುದು ಈ ತಾಣದ ಹೆಚ್ಚುಗಾರಿಕೆ. ಹವಾಮಾನ ದೇವರ ಕೈಯಲ್ಲಿದೆ ಎಂಬ ಅರ್ಥದಲ್ಲಿ ಡ್ಯಾನಿ ಹೀಲಿ-ರೇ 2016ರ ಮೇ ತಿಂಗಳಲ್ಲಿ ಆಡಿದ ಮಾತು ಡಾಯ್ಲ್ ದಾಖಲೆಯಲ್ಲಿದೆ, ಹಿಂದುಮುಂದಿನ ಮಾತಿನ ಸಮೇತ. ಆದರೆ ಒಂಟಿ ಮನೆಗಳಲ್ಲಿರುವ ಹಳ್ಳಿಗರು ಒಂದೆರಡು ಲೋಟ ಕುಡಿದು ವಾಹನ ಓಡಿಸಲು ಪರವಾನಗಿ ಕೊಡಬೇಕೆಂಬ ಅವರ ಗೊತ್ತುವಳಿ ಎಷ್ಟು ಹುಡುಕಿದರೂ ಇಲ್ಲಿ ಸಿಗದು. ಅದು 2013ರ ಜನವರಿಯಲ್ಲಿ ಕೆರಿ ಕೌಂಟಿ ಕೌನ್ಸಿಲ್‌ನಲ್ಲಿ ಪಾಸಾದದ್ದು. ಇಲ್ಲಿ ಸಿಗುವುದು ಅದೇ ವಿಷಯದ ಮುಂದಿನ ಅಧ್ಯಾಯ: ರಕ್ತದ 100 ಮಿಲಿಲೀಟರಿಗೆ 50ರಿಂದ 80 ಮಿಲಿಗ್ರಾಂ ಮದ್ಯಸಾರ ಸಿಕ್ಕಿದ ಚಾಲಕರಿಗೆ ದಂಡಾಂಕದ ಬದಲು 3 ತಿಂಗಳು ಲೈಸೆನ್ಸ್ ರದ್ದು ಮಾಡಿದ 2018ರ ತಿದ್ದುಪಡಿಯ ಮೇಲೆ ಗ್ರಾಮೀಣ ಪಕ್ಷೇತರರು ಎಳೆದ ದೀರ್ಘ ಚರ್ಚೆ. ಆ ಮಸೂದೆಯನ್ನು ಓದುವಾಗ ಒಂದೇ ಹಂತಕ್ಕೆ ನಿಲ್ಲಬೇಡಿ. ಎರಡನೇ ಹಂತದಲ್ಲಿ ತತ್ವದ ಮಾತು, ಸಮಿತಿ ಮತ್ತು ವರದಿ ಹಂತಗಳಲ್ಲಿ ತಿದ್ದುಪಡಿಯ ಮಾತು. ಹಂತಕ್ಕೊಂದು ಪುಟ, ದಿನಕ್ಕೊಂದು ಪುಟ.

ಮತದಾನದಲ್ಲೂ ಒಂದು ಕಣ್ತಪ್ಪು ಕಾದಿದೆ. ಗುರುವಾರ ಚರ್ಚೆಯಾದ ವಿಷಯದ ಮತವನ್ನು ಮುಂದಿನ ಬುಧವಾರದ ವಾರದ ಮತದಾನಕ್ಕೆ ತಳ್ಳುವುದು ರೂಢಿ. ಚರ್ಚೆಯ ಪುಟದಲ್ಲಿ ಫಲಿತಾಂಶ ಕಾಣದಿದ್ದರೆ ಮತವೇ ಆಗಿಲ್ಲ ಎಂದುಕೊಳ್ಳದೆ ಬುಧವಾರದ ಕಲಾಪ ತೆರೆಯಿರಿ. ಗುಡುಗಿದವರು ಯಾವ ಕಡೆ ಗುಂಡಿ ಒತ್ತಿದರು ಎನ್ನುವುದು ಅಲ್ಲಿರುತ್ತದೆ.

ಇನ್ನು ಮಾತು, ಪ್ರಶ್ನೆಗಳ ಎಣಿಕೆ. ಮೈಕಲ್ ಹೀಲಿ-ರೇ 2025ರ ಜನವರಿಯಲ್ಲಿ ಕೃಷಿ ಇಲಾಖೆಯ ಕಿರಿಯ ಮಂತ್ರಿಯಾದರು. ಅಲ್ಲಿಂದ ಅವರ ಪ್ರಶ್ನೆಗಳು ನಿಂತವು, ಏಕೆಂದರೆ ಮಂತ್ರಿಗಳು ಪ್ರಶ್ನೆ ಕೇಳುವುದಿಲ್ಲ. ಇಲಾಖೆಯ ಉತ್ತರ ಓದಿದ್ದೂ ಅವರ ಮಾತುಗಳ ಪಟ್ಟಿಗೇ ಸೇರುತ್ತದೆ. ಅದೇ ವರ್ಷ ಮಾರ್ಚ್ 25ರಂದು ಭಾರೀ ಗದ್ದಲದ ನಡುವೆ ಮಾತಿನ ಸಮಯದ ನಿಯಮವೇ ಬದಲಾಯಿತು; ಸರ್ಕಾರವನ್ನು ಬೆಂಬಲಿಸುವ ಪಕ್ಷೇತರರಿಗೂ ಪ್ರಶ್ನೆಗೆ ಹೊಸ ಜಾಗ ಸಿಕ್ಕಿತು, ಸಭಾಧ್ಯಕ್ಷೆ ವೆರೋನಾ ಮರ್ಫಿ ವಿಶ್ವಾಸಮತ ಎದುರಿಸಬೇಕಾಯಿತು. ಹಾಗಾಗಿ 2024ರ ಸಂಖ್ಯೆಯನ್ನು 2025ರದ್ದರ ಪಕ್ಕ ಇಟ್ಟು ಹೆಚ್ಚು ಕಡಿಮೆ ಎನ್ನುವುದರಲ್ಲಿ ಹುರುಳಿಲ್ಲ.

ದಿನವೂ ತಾಣಕ್ಕೆ ಹೋಗಲು ಬಿಡುವಿಲ್ಲದವರಿಗೆ ಕಿಲ್ಡೇರ್ ಸ್ಟ್ರೀಟ್ ಎಂಬ ಖಾಸಗಿ ತಾಣವಿದೆ. ಬ್ರಿಟನ್ನಿನ ಸಂಸತ್ತಿನ ಕಲಾಪ ತೋರಿಸುವ 'ದೇ ವರ್ಕ್ ಫಾರ್ ಯೂ' ತಾಣದ ತಂತ್ರಾಂಶದ ಮೇಲೆ ಕಟ್ಟಿದ್ದು. ಹೆಸರನ್ನೋ ಪದವನ್ನೋ ಕೊಟ್ಟರೆ ಆ ಮಾತು ಬಂದಾಗ ಇಮೇಲ್ ಬರುತ್ತದೆ, ಓದಲೂ ಹಿತ. ಹಳೆಯ ದಶಕಗಳಿಗೆ ಮಾತ್ರ ಅಧಿಕೃತ ತಾಣವೇ ಗತಿ.

ಒಬ್ಬರ ಎಲ್ಲ ಮಾತನ್ನೂ ಒಟ್ಟಿಗೆ ಇಳಿಸಿಕೊಳ್ಳುವವರು ಸಂಸತ್ತಿನ ಎಪಿಐ, ಅಂದರೆ ತಂತ್ರಾಂಶದ ಮೂಲಕ ದಾಖಲೆ ತರಿಸಿಕೊಳ್ಳುವ ದಾರಿ, ಬಳಸಬೇಕು. ಸದಸ್ಯ ಸಂಕೇತ, ಆರಂಭ ಮತ್ತು ಕೊನೆಯ ದಿನಾಂಕ ಕೊಟ್ಟರೆ ಪಟ್ಟಿ ಬರುತ್ತದೆ. ಮಿತಿ ಹೇಳದಿದ್ದರೆ ಮೊದಲ 50 ದಾಖಲೆಗಳು ಬಂದು ನಿಲ್ಲುತ್ತವೆ, ಉಳಿದವು ಇಲ್ಲವೆಂದು ಭ್ರಮೆಯಾಗುತ್ತದೆ. ಸಂಕೇತದಲ್ಲಿ ಹೆಸರು, ಕೆಳಮನೆಯೋ ಮೇಲ್ಮನೆಯೋ ಎಂದು ಹೇಳುವ ಅಕ್ಷರ, ಸಂಸತ್ತಿಗೆ ಮೊದಲು ಬಂದ ದಿನಾಂಕ ಇರುತ್ತವೆ. ಗಾಲ್ವೇಯ ಏಮನ್ ಓ ಕೀವ್ 1992ರಿಂದ 2024ರವರೆಗೆ ಡಾಯ್ಲ್‌ನಲ್ಲಿದ್ದರೂ 1989ರಲ್ಲಿ ಮೇಲ್ಮನೆಗೆ ಮೊದಲು ಬಂದಿದ್ದರಿಂದ ಅವರ ಸಂಕೇತದಲ್ಲಿ ಮೇಲ್ಮನೆಯ ಅಕ್ಷರವೇ ಇದೆ. ಅವರು ಐರಿಷ್ ಭಾಷೆಯಲ್ಲಿ ಆಡಿದ್ದು ಐರಿಷ್‌ನಲ್ಲೇ ಅಚ್ಚಾಗಿದೆ, ಇಂಗ್ಲಿಷ್ ಪದ ಹಾಕಿ ಹುಡುಕಿದರೆ ಅದು ಸಿಗುವುದಿಲ್ಲ. 2016ರಲ್ಲಿ ಹೊಸದಾಗಿ ಬಂದವರ ಸಂಕೇತದಲ್ಲಂತೂ ದಿನ ಮತ್ತು ತಿಂಗಳು ಅದಲುಬದಲಾಗಿವೆ: ಡಾಯ್ಲ್ ಸೇರಿದ್ದು ಮಾರ್ಚ್ 10ಕ್ಕೆ, ಸಂಕೇತ ಹೇಳುವುದು ಅಕ್ಟೋಬರ್ 3. ದಿನಾಂಕ ಲೆಕ್ಕ ಹಾಕಿ ಸಂಕೇತ ಕಟ್ಟಲು ಹೋದವರಿಗೆ ಡ್ಯಾನಿ ಹೀಲಿ-ರೇ ಅವರ ಒಂದು ಮಾತೂ ಸಿಗದು. ಸದಸ್ಯರ ಪಟ್ಟಿಯಿಂದಲೇ ಸಂಕೇತವನ್ನು ನಕಲು ಮಾಡಿಕೊಳ್ಳಿ.